ರೇಡಿಯೊ ನನ್ನದು, ನಮಸ್ಕಾರ ಗಂಡನಿಗೆ

ಬಾಗಿಲು ತೆರೆದ ನನ್ನನ್ನು ದಾಟಿ ಒಳಬಂದವರು ನೇರ ನನ್ನ ಗಂಡನ ಎರಡೂ ಕೈ ಹಿಡಿದು, “ನೀವೇನ್ರಿ ನಮ್ಮ ಗುರೂಜಿ? ನಿಮ್ಮಿಂದನ ನನ್ನ ಸೆಟ್ ಸುಧಾರಿಸ್ತು ನೋಡ್ರಿ!” ಎಂದರು.

ಅವರು ನಿಲಂಗಾದ ಹವ್ಯಾಸಿ ರೇಡಿಯೊ ಗೆಳೆಯರು. ನಾವು ಒಬ್ಬರ ದನಿ ಒಬ್ಬರು ಕೇಳಿದವರಲ್ಲ. ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದನ್ನು ರೇಡಿಯೊ ಮೂಲಕ ಕಳಿಸುವ ಡಿಜಿಟಲ್ ವಿಧಾನ ನಮ್ಮದು. ಅವರು ಜೋಡಿಸಿದ್ದ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ತರಂಗಾಂತರ ಒಂದೆಡೆ ನಿಲ್ಲದೆ ಸರಿಯುತ್ತಿತ್ತು, ಅಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು. ಪ್ರೋಗ್ರಾಮಿನಲ್ಲಿ ಏನು ತಿದ್ದಬೇಕೆಂದು ನಮ್ಮೂರು ತುರೋರಿಯಿಂದ ದಿನವೂ ಬರೆದು ಹೇಳಿದವಳು ನಾನು. ನನ್ನನ್ನು ಗಂಡಸೆಂದೇ ತಿಳಿದು ‘ಗುರೂಜಿ’ ಎನ್ನುತ್ತಿದ್ದರು.

ಗಂಡ ನಕ್ಕು, “ರೇಡಿಯೊ ಆಕಿದು ರೀ. ನನಗ ಅದರಾಗ ಏನೂ ತಿಳಿಯಂಗಿಲ್ಲ. ನೀವಿಬ್ರೂ ಮಾತಾಡ್ರಿ, ನಾ ಚಹಾ ಮಾಡ್ಕೊಂಡ್ ಬರ್ತೀನಿ” ಎಂದು ಒಳಗೆ ಹೋದರು.

ನಾನು ನನ್ನ ಬೋರ್ಡು ತೋರಿಸಲು ಕೂತೆ. ಆ ಮನುಷ್ಯ ನನ್ನನ್ನು ‘ವೈನಿ’ ಎಂದು ಅತ್ತಿಗೆ ಮಾಡಿಕೊಂಡರೇ ಹೊರತು ಅದರತ್ತ ನೋಡಲೂ ಇಲ್ಲ. ಆಂಟೆನಾ ಎಷ್ಟು ಎತ್ತರ, ವೈರು ಎಲ್ಲಿ ಸಿಕ್ಕಿತು ಎಂದು ಅಡುಗೆಮನೆಯ ಕಡೆ ಕೂಗಿ ಗಂಡನನ್ನೇ ಕೇಳಿದರು. ಉತ್ತರ ಕೊಟ್ಟವಳು ನಾನು. ಅವರು ತಲೆಯಾಡಿಸಿದ್ದು ಮಾತ್ರ ಅಡುಗೆಮನೆಯ ಬಾಗಿಲಿಗೆ. ನನಗೆ ಮೈಯೆಲ್ಲ ಉರಿಯಿತು. ಗಂಡ ಮಾಡಿ ತಂದ ಚಹಾ ಕುಡಿದು ಅವರು ಊರಿಗೆ ಹೊರಟರು.

ಸಂಜೆ ನನ್ನ ಪರದೆಯ ಮೇಲೆ ಅವರ ಸಂದೇಶ ಮೂಡಿತು. ನಾನು ಹೇಳಿ ಸರಿಮಾಡಿಸಿದ ಬೋರ್ಡಿನಿಂದ, ಒಂದಕ್ಷರವೂ ಕಲಸದೆ, ಸ್ವಚ್ಛವಾಗಿ ಬಂದಿತ್ತು: “ಚಹಾ ಛಲೋ ಮಾಡಿದ್ರಿ, ವೈನಿ.”