ಆರ್ಗನ್ ಕಿರುಚಿದ ಮಧ್ಯಾಹ್ನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಟೆಕ್ಸಸ್‌ನ ಫ್ಲೂಗರ್‌ವಿಲ್‌ನಲ್ಲಿತ್ತು. ಶನಿವಾರ ಬಂದರೆ ಅಪ್ಪ ನನ್ನನ್ನೂ ಅಕ್ಕನನ್ನೂ ಕಾರಿನಲ್ಲಿ ಕೂರಿಸಿಕೊಂಡು ಊರಾಚೆ ಹೊರಡುತ್ತಿದ್ದರು. ಮನೆಗಳು ಮುಗಿದು ಜೋಳದ ಹೊಲಗಳು ಶುರುವಾಗುವ ಕಡೆ ಬಿಳಿ ಬಣ್ಣದ ಮರದ ಚರ್ಚೊಂದಿತ್ತು. ಹಿಂದೆ ಜರ್ಮನಿಯಿಂದ ಬಂದ ಲೂಥರನ್ ಪಂಥದ ರೈತರು ಕಟ್ಟಿಕೊಂಡದ್ದು. ಅಲ್ಲಿ ಅಕ್ಕ ಪೈಪ್ ಆರ್ಗನ್ ಕಲಿಯುತ್ತಿದ್ದಳು. ಕಲಿಸುವವರು ಎಪ್ಪತ್ತು ದಾಟಿದ ಹೆಂಗಸು. ನಾವು ಅವರನ್ನು ಮಿಸ್ ಎನ್ನುತ್ತಿದ್ದೆವು.

ನೀವು ಹಾರ್ಮೋನಿಯಂ ನೋಡಿದ್ದೀರಿ. ಆರ್ಗನ್ನೂ ಗಾಳಿಯಿಂದಲೇ ನುಡಿಯುತ್ತದೆ, ಆದರೆ ಅದು ಗೋಡೆಯಷ್ಟು ದೊಡ್ಡದು. ಬಾಗಿಲ ಮೇಲಿನ ಅಟ್ಟದಲ್ಲಿ ನೂರಾರು ಕೊಳವೆಗಳು ನಿಂತಿದ್ದವು. ಕೆಲವು ನನ್ನ ಬೆರಳಿನಷ್ಟು, ಕೆಲವು ಅಪ್ಪನಿಗಿಂತ ಎಷ್ಟೋ ಎತ್ತರ. ಕೆಳಗೆ, ಮೆಟ್ಟಿಲ ಪಕ್ಕದ ಇಟ್ಟಿಗೆ ಕೋಣೆಯಲ್ಲಿ, ಒಂದು ಮೋಟಾರು ಗುರುಗುಟ್ಟುತ್ತ ಅವಕ್ಕೆ ಗಾಳಿ ಊದುತ್ತಿತ್ತು. ಅಕ್ಕ ದಪ್ಪ ಕೊಳವೆಯ ಸ್ವರ ಹಿಡಿದಳೆಂದರೆ ನಾನು ಕೂತ ಬೆಂಚು ನಡುಗಿ ತೊಡೆಗೆಲ್ಲ ಕಚಗುಳಿಯಾಗುತ್ತಿತ್ತು.

ಅವತ್ತು ಮೇ ತಿಂಗಳ ಸೆಕೆ. ಮಿಸ್‌ಗೆ ಸೊಂಟ ನೋವು ಜೋರಾಗಿ, ಮರುದಿನದ ಪ್ರಾರ್ಥನೆಗೆ ಮೊದಲ ಸಲ ಅಕ್ಕನೇ ನುಡಿಸಬೇಕಾಗಿತ್ತು. ಅವಳೊಬ್ಬಳೇ ಅಟ್ಟದಲ್ಲಿ ಕೂತು, ಇದ್ದಬದ್ದ ಕೊಳವೆಗಳನ್ನೆಲ್ಲ ಮೊಳಗಿಸುತ್ತಿದ್ದಳು. ಕೆಳಗೆ ನಾವು ಮೂವರು. ಇದ್ದಕ್ಕಿದ್ದಂತೆ ಕಿಟಕಿಗಳ ಬಣ್ಣದ ಗಾಜು ಕಪ್ಪಿಟ್ಟಿತು. ಮಾಡಿನ ಮೇಲೆ ಆಲಿಕಲ್ಲು ಬೀಳತೊಡಗಿತು. ಮೊದಲು ಗೋಲಿಯಷ್ಟು, ಆಮೇಲೆ ಮುಷ್ಟಿಯಷ್ಟು. ಗಾಜು ಒಡೆದು ಬೆಂಚುಗಳ ಮೇಲೆ ಸುರಿಯಿತು. ಒಂದು ಚೂರು ಮಿಸ್ ಹಣೆಯನ್ನು ಸೀಳಿತು.

“ಸುಂಟರಗಾಳಿ,” ಎಂದರು ಅವರು, ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳುತ್ತ. “ಮೋಟಾರಿನ ಕೋಣೆಗೆ ನಡೆಯಿರಿ. ಇಲ್ಲಿ ಅದೊಂದೇ ಗಟ್ಟಿ.”

ಅಪ್ಪ ನನ್ನನ್ನು ಅದರೊಳಗೆ ನೂಕಿದರು. “ಮಿಸ್ ಕೈ ಬಿಡ್ಬೇಡ ಪುಟ್ಟಿ. ಅಕ್ಕನ್ನ ಕರ್ಕೊಂಡ್ ಬರ್ತೀನಿ,” ಎಂದು ಮೆಟ್ಟಿಲು ಹತ್ತಿ ಓಡಿದರು. ಆರ್ಗನ್ನಿನ ಅಬ್ಬರದಲ್ಲಿ ಅಕ್ಕನಿಗೆ ಏನೂ ಕೇಳಿಸಿರಲಿಲ್ಲ. ಸಂಗೀತ ಒಂದು ಗಳಿಗೆ ನಿಂತಿತು.

“ಏಳೇ, ಕೆಳಗಿಳಿ.”

“ಒನ್ ಮಿನಿಟ್ ಅಪ್ಪ, ಈ ಪೇಜ್ ಮುಗಿಸ್ತೀನಿ.”

ಅಷ್ಟರಲ್ಲಿ ರೈಲು ಮೈಮೇಲೆ ಬಂದಂಥ ಸದ್ದು. ಚರ್ಚಿನ ಮುಂಬಾಗಿಲು ಕಿತ್ತು ಹಾರಿತು. ಮಿಸ್ ನಮ್ಮ ಕೋಣೆಯ ಬಾಗಿಲನ್ನು ಎಳೆದುಕೊಳ್ಳುತ್ತ, “ಮುಚ್ಚಲೇಬೇಕು ಮಗು,” ಎಂದರು. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. “ನೋ. ಮೈ ಅಕ್ಕ ಈಸ್ ಅಪ್‌ಸ್ಟೇರ್ಸ್,” ಎಂದೆ. ಧೂಳು, ಪುಸ್ತಕದ ಹಾಳೆ, ಗಾಜು, ಎಲ್ಲ ನನ್ನ ಮುಖಕ್ಕೆ ಬಡಿಯುತ್ತಿದ್ದವು. ಮಿಸ್ ನನ್ನನ್ನು ನೋಡಿದರು. ಆಮೇಲೆ ಆ ನೋವಿನ ಸೊಂಟದಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು, ಅದು ಮುಚ್ಚದಂತೆ ನಿಂತರು.

ಅಪ್ಪ ಅಕ್ಕನ ತೋಳು ಹಿಡಿದು ಎಳೆದುಕೊಂಡು ಮೆಟ್ಟಿಲು ಇಳಿಯುತ್ತಿದ್ದಾಗ ಚರ್ಚಿನ ಗೋಪುರ ಮುರಿದು ಅಟ್ಟದ ಮೇಲೆ ಬಿತ್ತು. ತೊಲೆಗಳು ಆರ್ಗನ್ನಿನ ಕೀಲಿಮಣೆಯ ಮೇಲೆ ಬಿದ್ದು ಎಲ್ಲವನ್ನೂ ಒಟ್ಟಿಗೆ ಅದುಮಿದವು. ಆರ್ಗನ್ ಕಿರುಚಿತು. ನೂರಾರು ಗಂಟಲು ಒಂದೇ ಸಲ ಕಿರುಚಿದ ಹಾಗೆ, ನಿಲ್ಲದೆ. ಒಂದು ತೊಲೆ ಅಪ್ಪನ ಭುಜಕ್ಕೆ ಅಪ್ಪಳಿಸಿತು. ಮೂಳೆ ಮುರಿದದ್ದು ಆ ಗದ್ದಲದಲ್ಲೂ ನನಗೆ ಕೇಳಿಸಿತು. ಬಿದ್ದ ಅಪ್ಪನನ್ನು ಅಕ್ಕ ಕಂಕುಳು ಹಿಡಿದು ಎಳೆದಳು, ನಾನು ಅಂಗಿ ಹಿಡಿದು ಎಳೆದೆ. ನಾವು ಒಳಗೆ ಬಿದ್ದ ಮೇಲೆ ಮಿಸ್ ಬಾಗಿಲು ಬಿಟ್ಟರು.

ಕತ್ತಲಲ್ಲಿ ಮೋಟಾರು ತಿರುಗುತ್ತಲೇ ಇತ್ತು, ತಲೆಯ ಮೇಲೆ ಆ ಕಿರುಚಾಟ. ಆಮೇಲೆ ಕರೆಂಟು ಹೋಯಿತು. ಉಸಿರು ನಿಂತ ಆರ್ಗನ್ ನರಳುತ್ತ, ನರಳುತ್ತ ಇಳಿದು ಸುಮ್ಮನಾಯಿತು. ಉಳಿದದ್ದು ಗಾಳಿ. ಇಟ್ಟಿಗೆಗಳು ಕಟಕಟ ಅಲುಗಿದವು, ಬಾಯಿ ತುಂಬ ಸುಣ್ಣದ ರುಚಿ. ಮುರಿದ ಭುಜದ ಅಪ್ಪ ನಮ್ಮಿಬ್ಬರ ಮೇಲೆ ಅಡ್ಡ ಬಿದ್ದುಕೊಂಡಿದ್ದರು.

ಬಾಗಿಲು ತೆರೆದಾಗ ಮಾಡು ಇರಲಿಲ್ಲ. ಕೊಳವೆಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಜೋಳದ ಹೊಲದ ತುಂಬ ಬಿದ್ದಿದ್ದವು. ಅಕ್ಕ ಬಿಕ್ಕುತ್ತ, “ಎಲ್ಲ ಹೋಯ್ತು ಮಿಸ್,” ಎಂದಳು. ಮಿಸ್ ರಕ್ತ ಹತ್ತಿದ ಕೈಯಿಂದಲೇ ಅವಳ ಗಲ್ಲ ಹಿಡಿದು, “ನಾನು ಲೆಕ್ಕ ಹಾಕಿದೆ. ಎಲ್ಲರೂ ಇದ್ದೀವಿ,” ಎಂದರು.

ಅಪ್ಪನಿಗೆ ಆ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಲು ಮತ್ತೆಂದೂ ಆಗಲಿಲ್ಲ. ಊರಿನವರು ಚರ್ಚನ್ನು ಮತ್ತೆ ಕಟ್ಟಿದರು, ಆರ್ಗನ್ ಮಾತ್ರ ಬರಲಿಲ್ಲ. ಪಿಯಾನೊ ಇಟ್ಟರು. ಬಹಳ ತಿಂಗಳು ಯಾವ ವಾದ್ಯವನ್ನೂ ಮುಟ್ಟದಿದ್ದ ಅಕ್ಕ, ಕೊನೆಗೆ ಮಿಸ್ ಬಂದು ಕರೆದಾಗ ಎದ್ದು ಹೋಗಿ ಅದನ್ನು ನುಡಿಸಿದಳು.

ಮಕ್ಕಳೇ, ಈಗ ನಿಮ್ಮ ಮನೆಯಡಿಯಲ್ಲೇ ಉಕ್ಕಿನ ಕೋಣೆಯಿದೆ. ಮೋಡ ಕಟ್ಟುವ ಮೊದಲೇ ಎಚ್ಚರಿಕೆ ಬರುತ್ತದೆ, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ನೀವು ಆಡುತ್ತ ಕೂತರೆ ಗಾಳಿಯ ಸದ್ದೂ ಕೇಳಿಸುವುದಿಲ್ಲ. ಒಳ್ಳೆಯದೇ. ಆದರೆ ತಾನಾಗಿ ಮುಚ್ಚುವ ಬಾಗಿಲಿಗೆ ಯಾರು ಇನ್ನೂ ಬಂದಿಲ್ಲ ಎಂದು ಗೊತ್ತಾಗುವುದಿಲ್ಲ. ಅದಕ್ಕೇ, ಸೈರನ್ ಕೂಗಿದಾಗಲೆಲ್ಲ ಅಜ್ಜಿ ಯಾಕೆ ಬಾಗಿಲಲ್ಲೇ ಕೂರುತ್ತಾಳೆ ಎಂದು ನಗಬೇಡಿ. ನಿಮ್ಮಲ್ಲಿ ಕಡೆಯವರು ಒಳಗೆ ಬರಲಿ, ಆಮೇಲೆ ಏಳುತ್ತೇನೆ.