ಬೆಂಕಿ ಆರಿಸಿದ ಕೌದಿ

ನನ್ನ ಬೈಕಿನ ಹೊಸ ಟ್ಯಾಂಕಿನ ಮೇಲೆ ಅಂಗೈ ಆಡಿಸಿ ಅಜ್ಜಿ ಕೇಳಿದರು: “ಗಾಡಿ ಚಲೋ ಆಗೇತಿ ಬಿಡಪಾ. ನನ್ನ ಕೌದಿದು ಒಂದ್ ತುಂಡರ ಉಳದೈತೇನು? ನಮ್ಮವ್ವನ ಸೀರಿ ಇತ್ತು ಅದರಾಗ.”

ನಾಲ್ಕು ತಿಂಗಳ ಹಿಂದೆ ಅಬ್ಬಿಗೇರಿಯಲ್ಲಿ ಅವರ ಮನೆ ಮುಂದೆಯೇ ನನ್ನ ಬೈಕಿಗೆ ಬೆಂಕಿ ಹತ್ತಿತ್ತು. ನಾನು ದೂರ ಓಡಿ ನಿಂತಿದ್ದೆ. ಗುರುತು ಪರಿಚಯವಿಲ್ಲದ ಈ ಅಜ್ಜಿ, ಹಳೆ ಸೀರೆ ತುಂಡುಗಳನ್ನು ಸೇರಿಸಿ ಹೊಲಿದು, ಒಗೆದು ಕಟ್ಟೆಯ ಮೇಲೆ ಹರವಿದ್ದ ಹಸಿ ಕೌದಿಯನ್ನು ಎಳೆದು ತಂದು ಬೈಕಿಗೆ ಹೊದಿಸಿ ಬೆಂಕಿ ಆರಿಸಿದ್ದರು. ಕೌದಿ ಸಮೇತ ಬೈಕನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ನಮ್ಮೂರು ರೋಣಕ್ಕೆ ತಂದೆ.

ಮನೆಯ ಅಂಗಳದಲ್ಲೇ ಬಿಚ್ಚಿ, ವೈರಿಂಗ್, ಸೀಟು, ಟ್ಯಾಂಕು ಹೊಸದು ಹಾಕಿ ನಾನೇ ಜೋಡಿಸಿದೆ. ಎಂಜಿನ್ನಿಗೆ ಕರಗಿ ಅಂಟಿದ್ದ ಬಟ್ಟೆಯನ್ನು ತಂತಿ ಬ್ರಷ್‌ನಿಂದ ಕೆರೆಯಲು ಎರಡು ದಿನ ಹಿಡಿಯಿತು; ಬೈದುಕೊಂಡೇ ಕೆರೆದೆ. ಕೌದಿಯಲ್ಲಿ ಸುಡದೆ ಉಳಿದಿದ್ದ ಒಂದು ಮೂಲೆ, ಕೆಲಸ ಮುಗಿಯುವವರೆಗೂ ಗ್ರೀಸ್ ಕೈ ಒರೆಸಲು ಬಂತು. ಓಡುವ ಬೈಕನ್ನು ಅಜ್ಜಿಗೆ ತೋರಿಸಲೆಂದು ಒಂದು ಡಬ್ಬಿ ಪೇಢೆ ಹಿಡಿದು ಹೋಗಿದ್ದೆ. ಕೌದಿ ನೆನಪಿಗೇ ಬಂದಿರಲಿಲ್ಲ.

“ಇಲ್ಬೇ ಯವ್ವಾ, ಎಲ್ಲಾ ಸುಟ್ಟ ಹೋತು” ಅಂದುಬಿಟ್ಟೆ.

ಮನೆಗೆ ಬಂದು ಆ ಮೂಲೆಯನ್ನು ಸೋಡಾ, ಸೋಪು ಹಾಕಿ ಮೂರು ಸಲ ಒಗೆದೆ. ಹಸಿರು ಸೀರೆಯ ಕೆಂಪು ಅಂಚು ಕಂಡಿತು, ಗ್ರೀಸಿನ ಕಲೆ ಹೋಗಲಿಲ್ಲ. ಅಬ್ಬಿಗೇರಿ ಹಾದುಕೊಂಡೇ ದಿನಾ ಕೆಲಸಕ್ಕೆ ಹೋಗುತ್ತೇನೆ. ಬಟ್ಟೆ ಇನ್ನೂ ನಮ್ಮ ಅಂಗಳದ ಮೊಳೆಯಲ್ಲೇ ಇದೆ.