ಸೀಸೆಯಲ್ಲಿದ್ದದ್ದು ನನ್ನದು

ಸುಜಾತಾ, ನಿಮ್ಮಪ್ಪ ವಿಮೆ ಮಾಡಿಸಿದ ದಿನ ಡಾಕ್ಟರರ ಮುಂದೆ ಹೋದ ಸೀಸೆಯಲ್ಲಿದ್ದದ್ದು ಅವನ ಮೂತ್ರವಲ್ಲ — ನನ್ನದು. ಅವನದನ್ನು ನಾನು ದವಾಖಾನೆಯ ಹಿಂದಿನ ಮೋರಿಗೆ ಚೆಲ್ಲಿದೆ. ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಅದು ನನಗೆ ಅವತ್ತೇ ಗೊತ್ತಾಯಿತು. ಅವನಿಗೆ ಗೊತ್ತಾಗದ ಹಾಗೆ ನೋಡಿಕೊಂಡೆ.

ಬರೆದುಬಿಟ್ಟೆ. ಇಷ್ಟನ್ನು ಬರೆಯುವುದಕ್ಕೆ ಇಷ್ಟು ವರ್ಷ ಹಿಡಿಯಿತು — ಅದೂ ಬಾಯಿಬಡುಕನೆಂದೇ ಹೆಸರಾದ ನನಗೆ. ವಿಮಾ ಏಜೆಂಟ್ ಅಮರೇಶ ಬಂದನೆಂದರೆ ಮಾನವಿಯ ಅಂಗಡಿಕಾರರು ಗಲ್ಲೆ ಬಿಟ್ಟು ಹಿಂಬಾಗಿಲಿಂದ ಜಾಗ ಖಾಲಿ ಮಾಡುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಕೂತರೂ ಪಕ್ಕದವನ ವಯಸ್ಸೆಷ್ಟು, ಮಕ್ಕಳೆಷ್ಟು ಎಂದು ಕೇಳಿಯೇ ಎಲೆಗೆ ಕೈ ಹಾಕುತ್ತಿದ್ದವನು ನಾನು. ಯಾರ ಸಾವಿನ ಮಾತನ್ನೂ ಅವರ ಮುಖದೆದುರಿಗೇ ಸಲೀಸಾಗಿ ಆಡುತ್ತಿದ್ದೆ. ನಿಮ್ಮಪ್ಪನ ವಿಷಯದಲ್ಲಿ ಮಾತ್ರ ನನ್ನ ನಾಲಿಗೆ ಬಿದ್ದುಹೋಯಿತು.

ಹುಲಿಗೆಪ್ಪ ಮತ್ತು ನಾನು ರಾಯಚೂರಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಹೈಸ್ಕೂಲು ಓದಿದವರು. ಅವನು ದೇವದುರ್ಗದ ಕೂಲಿಯವರ ಮಗ. ನಿಮ್ಮಜ್ಜಿ ಮಂದಿಯ ಹೊಲದಲ್ಲಿ ಕಳೆ ತೆಗೆದು, ಎಷ್ಟೋ ದಿನ ಬರೀ ನೀರು ಕುಡಿದು ಮಲಗಿ, ಅವನನ್ನು ಓದಿಸಿದಳು. ಅವನು ಮಾಸ್ತರನಾಗಿ ಊರಿಗೇ ಬಂದ ಮೇಲೆ ಆ ಮನೆಯಲ್ಲಿ ಎರಡು ಹೊತ್ತೂ ಬಿಳಿ ಅನ್ನ ಬೇಯತೊಡಗಿತು. ಮೂವತ್ತು ದಾಟಿದ್ದೇ ತಡ ಅವನಿಗೆ ಹೊಟ್ಟೆ ಬಂತು. ಕೈಕಾಲು ಸಣ್ಣಗೇ ಇದ್ದವು, ಹೊಟ್ಟೆ ಮಾತ್ರ ಅಂಗಿಯ ಗುಂಡಿಯನ್ನು ತಳ್ಳಿಕೊಂಡು ಮುಂದೆ ಬಂದಿತ್ತು. ನಾವೆಲ್ಲ ಅದನ್ನು ಕಂಡು ಸಂತೋಷಪಟ್ಟೆವು — ನಿನಗೆ ವಿಚಿತ್ರವೆನಿಸಬಹುದು, ಆದರೆ ನಿಜ. ನಿಮ್ಮಜ್ಜಿ ಓಣಿಯ ಹೆಂಗಸರನ್ನು ಕರೆದು, “ನನ್ನ ಮಗ ಈಗ ಮೈ ತುಂಬ್ಯಾನ ನೋಡ್ರವ್ವಾ” ಎಂದು ತೋರಿಸಿ, ಆಮೇಲೆ ತಾನೇ ದೃಷ್ಟಿ ತೆಗೆಯುತ್ತಿದ್ದಳು. ಹಸಿವು ಕಂಡ ಮನೆಯಲ್ಲಿ ಹೊಟ್ಟೆ ಬಂದದ್ದನ್ನು ಯಾರು ಕಾಯಿಲೆ ಎಂದಾರು?

ಅವನ ಕುತ್ತಿಗೆಯ ಹಿಂದೆ ಒಂದು ಕಪ್ಪು ಪಟ್ಟೆ ಇತ್ತು, ಒರಟಾದದ್ದು. ಮಾಸ್ತರು ಕುತ್ತಿಗೆ ತೊಳೆಯುವುದಿಲ್ಲ ಎಂದು ಶಾಲೆಯ ಹುಡುಗರು ಆಡಿಕೊಳ್ಳುತ್ತಿದ್ದರಂತೆ. ಅವನು ಕಲ್ಲು ಹಚ್ಚಿ ತಿಕ್ಕಿ ಚರ್ಮ ಕೆಂಪು ಮಾಡಿಕೊಳ್ಳುತ್ತಿದ್ದ, ಕಪ್ಪು ಹೋಗುತ್ತಿರಲಿಲ್ಲ. ಸೋಪು ಬದಲಾಯಿಸು ಎಂದು ನಾನು ಅವನನ್ನು ಗೇಲಿ ಮಾಡಿದ್ದೇನೆ.

ವಿಮೆಗಾಗಿ ಅವನ ಬೆನ್ನು ಬಿದ್ದವನೂ ನಾನೇ. ಅವನು ನಕ್ಕು ಜಾರಿಕೊಳ್ಳುತ್ತಿದ್ದ. “ಸತ್ತ ಮ್ಯಾಲ ಬರೋ ರೊಕ್ಕದ ಮಾತು ಬದುಕಿದ್ದಾಗ ಯಾಕಲೇ ಅಮರ್ಯಾ?” ಎನ್ನುತ್ತಿದ್ದ. ಒಂದು ಸಲ ನಾನು ನಿಮ್ಮವ್ವನ ಹೆಸರೆತ್ತಿ ಕೇಳಿಯೇಬಿಟ್ಟೆ: “ನಾಳೆ ನೀ ಇಲ್ಲಂದ್ರ ಈರಮ್ಮ ನಿಮ್ಮವ್ವನಂಗ ಮಂದಿ ಹೊಲಕ್ಕ ಕಳಿ ತಗ್ಯಾಕ ಹೋಗಬೇಕೇನು?” ಅವನ ನಗು ನಿಂತಿತು. ನಿನ್ನ ಕಡೆ ನೋಡಿದ — ನೀನು ಆಗ ಇನ್ನೂ ಎರಡನೇ ಇಯತ್ತೆಯೋ ಮೂರನೆಯದೋ. ಆ ವಾರವೇ ರಾಯಚೂರಿಗೆ ಹೊರಟೆವು.

ಅದು ಎಪ್ಪತ್ತರ ದಶಕದ ನಡುವಿನ ಒಂದು ಮಾರ್ಚ್ ತಿಂಗಳು. ಏಜೆಂಟನಿಗೆ ಮಾರ್ಚ್ ಎಂದರೆ ಏನೆಂದು ನಿನಗೆ ಗೊತ್ತಿಲ್ಲ. ವರ್ಷದ ಕೋಟಾ ತುಂಬದಿದ್ದರೆ ಏಜೆನ್ಸಿಯೇ ಹೋಗುತ್ತದೆ. ನನಗೆ ಇನ್ನೊಂದು ದೊಡ್ಡ ಕೇಸು — ಅಂದರೆ ಪಾಲಿಸಿ — ಬೇಕಿತ್ತು, ಆ ಕೇಸು ನಿಮ್ಮಪ್ಪ.

ವಿಮಾ ಕಂಪನಿಗಾಗಿ ಮೈ ಪರೀಕ್ಷೆ ಮಾಡುವ ಡಾಕ್ಟರರ ದವಾಖಾನೆ ಕೋಟೆಯ ಕಡೆಯ ಒಂದು ಗಲ್ಲಿಯಲ್ಲಿತ್ತು. ಹುಲಿಗೆಪ್ಪ ಸೀಸೆ ತುಂಬಿಸಿ ಕೊಟ್ಟು, ತೂಕ ನೋಡಿಸಿಕೊಳ್ಳಲು ಒಳಗೆ ಹೋದ. ನಾನು ಹೊರಗಿನ ಮೇಜಿನ ಹತ್ತಿರ ಕಂಪೌಂಡರನ ಜೊತೆ ಹರಟೆ ಹೊಡೆಯುತ್ತಿದ್ದೆ. ಅವನು ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಮೂತ್ರದ ಕೆಲವು ಹನಿ ಬೆರೆಸಿ, ದೀಪದ ಮೇಲೆ ಹಿಡಿದ. ನೀಲಿ ಹಾಗೇ ಉಳಿಯಬೇಕು — ಎಷ್ಟೋ ಸಲ ನೋಡಿದ್ದೆ. ಅದು ಹಸಿರಾಯಿತು, ಹಳದಿಯಾಯಿತು, ನಾವು ನೋಡುನೋಡುತ್ತಿದ್ದಂತೆ ಇಟ್ಟಂಗಿಯ ಕೆಂಪಿಗೆ ತಿರುಗಿತು.

ಕಂಪೌಂಡರ ನನ್ನ ಮುಖ ನೋಡಿದ. “ಅಣ್ಣಾರ, ಸಕ್ರಿ ಬ್ಯಾನಿ ಅದ ಇವರಿಗೆ,” ಅಂದ. ಆಮೇಲೆ ದನಿ ತಗ್ಗಿಸಿ, “ಡಾಕ್ಟರ್ ಇನ್ನಾ ನೋಡಿಲ್ಲ” ಎಂದ.

ಇಷ್ಟೇ. ಅವನು ಲಂಚ ಕೇಳಲಿಲ್ಲ, ಉಪಾಯ ಹೇಳಿಕೊಡಲಿಲ್ಲ. ಉಳಿದದ್ದೆಲ್ಲ ನನ್ನ ತಲೆ. ಸೀಸೆ ಎತ್ತಿಕೊಂಡು ಹಿಂದಿನ ಕಕ್ಕಸಿನ ಕಡೆ ಹೋದೆ, ಮೋರಿಗೆ ಚೆಲ್ಲಿದೆ, ತೊಳೆದೆ, ನಾನೇ ತುಂಬಿಸಿ ತಂದೆ. ಎರಡನೇ ಸಲ ಕಾಯಿಸಿದಾಗ ನೀಲಿ ನೀಲಿಯಾಗಿಯೇ ಉಳಿಯಿತು. ಡಾಕ್ಟರರು ಬಂದು ಅದನ್ನು ನೋಡಿ ಹುಲಿಗೆಪ್ಪನ ಭುಜ ತಟ್ಟಿದರು. “ಮಾಸ್ತರ, ಹೊಟ್ಟಿ ಸ್ವಲ್ಪ ಕಮ್ಮಿ ಮಾಡ್ರಿ. ಮತ್ತೇನಿಲ್ಲ, ಗಟ್ಟಿ ಅದೀರಿ.”

ಸ್ನೇಹಕ್ಕಾಗಿ ಮಾಡಿದೆ, ನಿಮ್ಮ ಮನೆಗೊಂದು ಆಸರೆಯಾಗಲೆಂದು ಮಾಡಿದೆ — ಹಾಗೆಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಆಸರೆಯ ಮಾತು ಆಮೇಲೆ ಹುಟ್ಟಿದ್ದು. ಆ ಕಕ್ಕಸಿನಲ್ಲಿ ಸೀಸೆ ಹಿಡಿದು ನಿಂತಾಗ ನನ್ನ ತಲೆಯಲ್ಲಿದ್ದದ್ದು ಮಾರ್ಚ್ ತಿಂಗಳು ಮಾತ್ರ. ಅಷ್ಟಾದರೂ ಹೊರಗೆ ಬಂದು, “ಹುಲಿಗ್ಯಾ, ನಿನಗ ಸಕ್ರಿ ಅದಲೇ, ಬಾಯಿ ಕಟ್ಟು” ಎಂದು ಕಿವಿಯಲ್ಲಿ ಹೇಳಬಹುದಿತ್ತಲ್ಲ? ಹೇಳಿದರೆ ಅವನು — ಅವನ ಸ್ವಭಾವ ನಿನಗೆ ಗೊತ್ತು — ಸುಳ್ಳು ಪಾಲಿಸಿ ಬೇಡವೆಂದು ನೇರ ಡಾಕ್ಟರರ ಹತ್ತಿರ ಹೋಗಿಬಿಡುತ್ತಿದ್ದ. ಅದಕ್ಕೇ ಹೇಳಲಿಲ್ಲ. ಅವನು ಒಳ್ಳೆಯವನೆಂಬ ಕಾರಣಕ್ಕೇ ಅವನಿಂದ ಮುಚ್ಚಿಟ್ಟೆ.

ಪಾಸಾದ ಖುಷಿಗೆ ಅವನು ನನಗೆ ಜಿಲೇಬಿ ಕೊಡಿಸಿದ. ತಾನೂ ಎರಡು ಪ್ಲೇಟು ತಿಂದ. ನಾನು ಎದುರಿಗೇ ಕೂತು ನೋಡುತ್ತಿದ್ದೆ. ನಿನಗೂ ಒಂದು ಪೊಟ್ಟಣ ಕಟ್ಟಿಸಿಕೊಂಡ.

ಅವತ್ತಿನಿಂದ ಆ ಪಾಲಿಸಿ ಅವನಿಗೆ ಆರೋಗ್ಯದ ಸರ್ಟಿಫಿಕೇಟ್ ಆಯಿತು. ಪಾಠದ ನಡುವೆ ಮತ್ತೆ ಮತ್ತೆ ಎದ್ದು ಹೊರಗೆ ಹೋಗುತ್ತಾನೆ, ಕೊಡದ ನೀರೆಲ್ಲ ಅವನಿಗೇ ಸಾಲದು, ಉಂಡರೆ ಕೂತಲ್ಲೇ ತೂಕಡಿಸುತ್ತಾನೆ ಎಂದು ಈರಮ್ಮ ನನ್ನ ಹತ್ತಿರ ಹೇಳುತ್ತಿದ್ದಳು. ತೋರಿಸಿಕೋ ಎಂದರೆ ಅವನು, “ರಾಯಚೂರಿನ ದೊಡ್ಡ ಡಾಕ್ಟರ್ ನೋಡಿ ಪಾಸ್ ಮಾಡ್ಯಾರ, ನನಗೇನಾಗ್ಯಾದ?” ಎನ್ನುತ್ತಿದ್ದ. ಈರಮ್ಮ ನನ್ನ ಕಡೆ ತಿರುಗುತ್ತಿದ್ದಳು. ನಾನು — ಚಹಾ ಚೆನ್ನಾಗಿದೆ ಎನ್ನುತ್ತಿದ್ದೆ.

ಹೀಗೆ ಐದಾರು ವರ್ಷ ಕಳೆದ ಮೇಲೆ ಅವನ ಕಾಲು. ಜಾಲಿ ಮುಳ್ಳು ಚುಚ್ಚಿ ಚಪ್ಪಲಿಯೊಳಗೇ ಮುರಿದಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ಅಂಗಾಲು ಅಷ್ಟು ಮರಗಟ್ಟಿತ್ತು. ಗಾಯ ಕೀವಾಗಿ ನಾತ ಬಂದ ಮೇಲೆ ದೇವದುರ್ಗದ ದವಾಖಾನೆಗೆ ಹೋದ. ಸುದ್ದಿ ತಿಳಿದು ನಾನು ಮಾನವಿಯಿಂದ ಬಂದಿದ್ದೆ. ಅಲ್ಲಿದ್ದ ಡಾಕ್ಟರು ಪಟ್ಟಿ ಬಿಚ್ಚುತ್ತ, “ಸಕ್ರಿ ಬ್ಯಾನಿ ಏನರ ಅದೇನ್ರಿ ಮಾಸ್ತರ?” ಎಂದು ಕೇಳಿದರು.

“ಛೇ, ಇಲ್ರಿ. ಇನ್ಶೂರೆನ್ಸ್‌ದಾಗ ಎಲ್ಲಾ ಚೆಕ್ ಮಾಡ್ಯಾರ. ಬೇಕಂದ್ರ ಇವನ್ನ ಕೇಳ್ರಿ, ಇವನೇ ಕರಕೊಂಡು ಹೋಗಿದ್ದ” ಎಂದು ನನ್ನ ಕಡೆ ಕೈ ತೋರಿಸಿದ.

ಡಾಕ್ಟರು ನನ್ನನ್ನು ನೋಡಿದರು. ಸುಜಾತಾ, ಅವನನ್ನು ಉಳಿಸುವ ಅವಕಾಶ ಆಗಲೂ ಇತ್ತು. ಪಾಲಿಸಿ ರದ್ದಾಗುತ್ತದೆ, ನನ್ನ ಏಜೆನ್ಸಿ ಹೋಗುತ್ತದೆ, ಮಾನವಿಯಲ್ಲಿ ಮುಖ ತೋರಿಸುವಂತಿಲ್ಲ — ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ಲೆಕ್ಕ ಹಾಕಿದೆ. “ಹೌದ್ರಿ ಸಾಹೇಬ್ರ, ಏನೂ ಇದ್ದಿಲ್ಲ” ಅಂದೆ. ಅವರು ಪುಡಿ ಹಚ್ಚಿ, ಸೂಜಿ ಚುಚ್ಚಿ ಕಳಿಸಿದರು.

ರಾಯಚೂರಿಗೆ ಒಯ್ಯುವ ಹೊತ್ತಿಗೆ ಮೊಣಕಾಲಿನವರೆಗೆ ಕಪ್ಪಾಗಿತ್ತು. ಅಲ್ಲಿ ಸಕ್ಕರೆ ಕಂಡುಹಿಡಿದರೋ ಇಲ್ಲವೋ, ನಿಮಗೆ ಯಾರೂ ಬಿಡಿಸಿ ಹೇಳಲಿಲ್ಲ, ಮುಳ್ಳಿನ ನಂಜು ಎಂದರು. ಓಡಾಟವೆಲ್ಲ ನನ್ನದೇ ಆಗಿತ್ತಾದ್ದರಿಂದ ಅವರು ಏನಾದರೂ ಹೇಳಿದ್ದರೆ ನನಗೇ ಹೇಳಿರುತ್ತಿದ್ದರು. ಹೌದು, ಸಕ್ಕರೆ ಎಂದು ನನಗೇ ಹೇಳಿದರು, ನಾನು ನಿಮಗೆ ಹೇಳಲಿಲ್ಲ. ಕಾಲು ತೆಗೆದ ಮೇಲೂ ನಂಜು ಇಳಿಯಲಿಲ್ಲ. ನೀನು ಲಂಗ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದೆ, ಅವನು ನಿನ್ನನ್ನು ನನಗೆ ತೋರಿಸಿ, “ನೋಡ್ಕೊಳಲೇ” ಅಂದ.

ವಿಮೆಯ ಹಣ ಬಂತು. ಅಷ್ಟು ವರ್ಷದ ಪಾಲಿಸಿಯನ್ನು ಯಾರೂ ಕೆದಕಲಿಲ್ಲ. ಈರಮ್ಮ ಕಳೆ ತೆಗೆಯಲು ಹೋಗಲಿಲ್ಲ, ನಿನ್ನ ಓದು ನಿಲ್ಲಲಿಲ್ಲ, ಮನೆಯ ಗೋಡೆಗಳು ಗಟ್ಟಿಯಾದವು. “ಅಣ್ಣಾ, ನೀ ದೇವರಂಗ ಬಂದಿ. ನೀ ಇದ್ದಿಲ್ಲಂದ್ರ ನಾವು ಬೀದಿಪಾಲಾಗತಿದ್ವಿ” ಎಂದು ಅವಳು ಕೈ ಮುಗಿದಳು. ನಾನು ಆ ಕೈಗಳನ್ನು ಕೆಳಗಿಳಿಸಲೂ ಇಲ್ಲ.

ಇನ್ನೂ ಹೇಸಿಗೆಯದೊಂದಿದೆ. ಆಮೇಲಿನ ವರ್ಷಗಳಲ್ಲಿ ಕುರ್ಡಿಗೆ ಹೋಗಲಿ, ಚಂದ್ರಬಂಡಕ್ಕೆ ಹೋಗಲಿ, ಊರ ಕಟ್ಟೆಯ ಮೇಲೆ ಕೂತು ನಾನು ಹೇಳುತ್ತಿದ್ದದ್ದು ನಿಮ್ಮಪ್ಪನ ಕಥೆ. “ದೇವದುರ್ಗದ ಹುಲಿಗೆಪ್ಪ ಮಾಸ್ತರ ಗಟ್ಟಿಮುಟ್ಟಾಗಿದ್ದಾವ, ಒಂದು ಮುಳ್ಳು ಚುಚ್ಚಿ ಹೋಗಿಬಿಟ್ಟ. ಆದ್ರ ಹೆಂಡ್ತಿ-ಮಗಳು ಹೆಂಗದಾರ ನೋಡ್ರಿ!” ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಅಂಥ ದಿನ ಒಂದಾದರೂ ಕೇಸು ಸಿಗದೆ ನಾನು ಬಸ್ಸು ಹತ್ತುತ್ತಿರಲಿಲ್ಲ. ಅವನ ಸಾವನ್ನು ಮಾರಿಕೊಂಡು ತಿಂದೆ — ಬೇರೆ ಮಾತು ನನಗೆ ಹೊಳೆಯುವುದಿಲ್ಲ.

ನಿಜ ಹೇಳಿದ್ದರೆ ಏನಾಗುತ್ತಿತ್ತು? ಕಂಪನಿಯವರು ಕಂತು ಹೆಚ್ಚು ಮಾಡುತ್ತಿದ್ದರು, ಇಲ್ಲವೇ ಮೊದಲು ವಾಸಿ ಮಾಡಿಕೊಂಡು ಬನ್ನಿ ಎಂದು ವಾಪಸು ಕಳಿಸುತ್ತಿದ್ದರು. ನನ್ನ ಒಂದು ಮಾರ್ಚ್ ಹಾಳಾಗುತ್ತಿತ್ತು. ಅವನು ಗೊಣಗುತ್ತಾ ಜೋಳದ ರೊಟ್ಟಿಗೆ ಮರಳುತ್ತಿದ್ದ, ಹಳ್ಳದ ದಾರಿಯಲ್ಲಿ ನಡೆಯುತ್ತಿದ್ದ, ಗುಳಿಗೆ ನುಂಗುತ್ತಿದ್ದ, ಕಾಲು ತೊಳೆದು ನೋಡಿಕೊಳ್ಳುತ್ತಿದ್ದ. ಬದುಕಿರುತ್ತಿದ್ದನೋ ಏನೋ. ವಿಮೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಇಂದಿಗೂ ಮಾಡಿಸಿ ಎಂದೇ ಹೇಳುತ್ತೇನೆ. ಆದರೆ ಆ ಪರೀಕ್ಷೆ ಇದ್ದದ್ದು ಕಂಪನಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ಅವನಿಗೂ ಅದು ಬೇಕಾಗಿತ್ತು.

ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡೇ ಸಾಯುತ್ತಿದ್ದೆನೇನೋ. ಆದರೆ ಹೋದ ವಾರ ನಿನ್ನ ಗಂಡನಿಗೆ ರಜೆ ಸಿಗಲಿಲ್ಲವೆಂದು ನಾನು ನಿನ್ನನ್ನು ದವಾಖಾನೆಗೆ ಕರೆದುಕೊಂಡು ಹೋದೆನಲ್ಲ. ಡಾಕ್ಟರಮ್ಮ ನಿನ್ನ ಹೊಟ್ಟೆ ಮುಟ್ಟಿ ನೋಡಿ, ಕೂಸು ಈ ತಿಂಗಳಿಗೆ ಇರಬೇಕಾದ್ದಕ್ಕಿಂತ ದೊಡ್ಡದಿದೆ ಎಂದರು. ನಿನ್ನ ಜಡೆ ಸರಿಸಿ ಕುತ್ತಿಗೆ ನೋಡಿದರು. ಅಲ್ಲಿ ಅದೇ ಕಪ್ಪು ಪಟ್ಟೆ.

“ಇದು ಕೊಳಿ ಅಲ್ಲವ್ವಾ, ತಿಕ್ಕಬ್ಯಾಡ. ಮೈಯಾಗ ಇನ್ಸುಲಿನ್ ಇರ್ತದ, ಆದ್ರ ಮೈ ಅದಕ್ಕ ಸೊಪ್ಪು ಹಾಕಂಗಿಲ್ಲ. ಹಂಗಿದ್ದಾಗ ಹಿಂಗ ಕಪ್ಪಾಗ್ತದ. ಬಿಟ್ರ ಮುಂದ ಸಕ್ರಿ ಬ್ಯಾನಿ. ಬಸುರಾಗ ಕೂಸಿಗೂ ತ್ರಾಸು, ನಿನಗೂ ತ್ರಾಸು. ಮನ್ಯಾಗ ಯಾರಿಗರ ಇತ್ತೇನು?”

“ಇಲ್ರಿ. ನಮ್ಮಪ್ಪಗ ಇನ್ಶೂರೆನ್ಸ್ ಡಾಕ್ಟರ್ ಚೆಕ್ ಮಾಡಿದ್ರು, ಏನೂ ಇದ್ದಿಲ್ಲ. ಹೌದಲ್ಲ ಕಾಕಾ?”

ನೀನು ನಿಮ್ಮಪ್ಪನ ಹಾಗೆಯೇ ಕೈ ತೋರಿಸಿದೆ. ನಾನು ಮತ್ತೆ ಹೌದೆಂದು ತಲೆ ಅಲ್ಲಾಡಿಸಿದೆ. ಆದರೂ ಹಸಿದ ಹೊಟ್ಟೆಯಲ್ಲಿ ಬಂದು ರಕ್ತ ಕೊಡು ಎಂದು ಅವರು ಚೀಟಿ ಬರೆದರು. ಹೊರಗೆ ಬಂದವಳೇ ನೀನು, “ನಮ್ಮ ಮನಿತನದಾಗ ಇಲ್ಲದ ಬ್ಯಾನಿಗೆ ರಕ್ತ ಯಾಕ ಕೊಡಬೇಕು ಕಾಕಾ?” ಎಂದು ಆ ಚೀಟಿ ಮಡಚಿ ಒಳಗಿಟ್ಟೆ. ನಾನು ನಿನ್ನನ್ನು ಮನೆಗೆ ಬಿಟ್ಟು ಬಸ್ ನಿಲ್ದಾಣಕ್ಕೆ ನಡೆದೆ. ಮಾನವಿಗೆ ಬರುವ ಬಸ್ಸಿನಲ್ಲಿ ಕೂತಾಗ ಗೊತ್ತಾಯಿತು — ಒಬ್ಬನಿಗೆ ಹೇಳಿದ ಸುಳ್ಳು ಈಗ ನಿನ್ನ ಹೊಟ್ಟೆಯೊಳಗಿನ ಕೂಸಿನವರೆಗೆ ಬಂದು ನಿಂತಿದೆ.

ಇದನ್ನು ಓದಿ ಮುಗಿಸಿದವಳೇ ದವಾಖಾನೆಗೆ ಹೋಗು. ನನ್ನ ಮೇಲಿನ ಸಿಟ್ಟನ್ನು ಆಮೇಲೆ ತೀರಿಸಿಕೋ. ರಕ್ತ ಕೊಡು, ಅವರು ಹೇಳಿದಂತೆ ಉಣ್ಣು, ನಡೆ. ನಮ್ಮಪ್ಪನಿಗೆ ಇತ್ತು ಎಂದು ಹೇಳು, ಯಾರು ಹೇಳಿದರು ಎಂದು ಕೇಳಿದರೆ ನನ್ನ ಹೆಸರು ಹೇಳು. ಕ್ಷಮಿಸು ಎಂದು ಕೇಳುವುದಿಲ್ಲ. ಕಾಕಾ ಎನ್ನುವುದು ಬಿಟ್ಟರೂ ನಾನು ಯಾಕೆ ಎಂದು ಕೇಳುವುದಿಲ್ಲ.

ನಿಮ್ಮವ್ವನಿಗೆ ಇದನ್ನು ನೀನು ಓದಿ ಹೇಳಬೇಡ, ಅದು ನಿನ್ನ ಪಾಲಿನ ಕೆಲಸವಲ್ಲ. ನಾಳೆ ಮೊದಲ ಬಸ್ಸಿಗೆ ನಾನೇ ದೇವದುರ್ಗಕ್ಕೆ ಹೋಗುತ್ತೇನೆ. ಹೇಳಬೇಕೆಂದು ಹಿಂದೆಯೂ ಹೋಗಿದ್ದುಂಟು. ಹೋದ ಕೂಡಲೇ ಈರಮ್ಮ ಒಂದು ಚೆಂಬು ನೀರು ಕೊಡುತ್ತಾಳೆ, ನೀರು ಕುಡಿಯುವಷ್ಟರಲ್ಲಿ ಒಲೆಯ ಮೇಲೆ ಹಂಚು ಇಟ್ಟಿರುತ್ತಾಳೆ, ಬಿಸಿ ರೊಟ್ಟಿ ತಿಂದ ಬಾಯಲ್ಲಿ ಆ ಮಾತು ಬರುವುದಿಲ್ಲ. ಈ ಸಲ ನೀರು ಮುಟ್ಟುವುದಿಲ್ಲ. ಅಂಗಳದಲ್ಲಿ ನಿಂತೇ ಹೇಳುತ್ತೇನೆ. ಒಳಗೆ ಕರೆಯುವುದು ಬಿಡುವುದು ಅವಳಿಗೆ ಬಿಟ್ಟದ್ದು.